ಅಂಚಿನಲ್ಲಿ ಬರೆದದ್ದು

ಮಾರ್ಚ್ ೬, ೨೦೦೭, ಮಂಗಳವಾರ

ಏರ್‌ಲೈನ್ಸಿನವರು ಹೊಸವರ್ಷಕ್ಕೆ ಕೊಟ್ಟ ಈ ಡೈರಿ ಎರಡು ತಿಂಗಳಿನಿಂದ ಆಫೀಸಿನ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಇವತ್ತು ಮನೆಗೆ ತಂದೆ. ಯಾರ ಹತ್ತಿರವಾದರೂ ಗೊಣಗಿಕೊಳ್ಳಬೇಕು, ಆದರೆ ಗೊಣಗಿದ್ದನ್ನು ಮತ್ತೆ ಇನ್ನೊಂದು ಭಾಷೆಯಲ್ಲಿ ಹೇಳುವ ತ್ರಾಣ ನನಗಿಲ್ಲ. ಅದಕ್ಕೇ ಇದು.

ನಮ್ಮ ಟ್ರಾವೆಲ್ ಆಫೀಸಿಗೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಿಡುವು. ಮನೆ ದೋಹಾದ ಅಲ್ ಮುಂತಜಾದಲ್ಲೇ, ಆಫೀಸಿನಿಂದ ಎರಡು ಸಿಗ್ನಲ್ ದಾಟಿದರೆ ಸಿಗುವ ಹಳೆಯ ಕಟ್ಟಡದ ಮೂರನೆಯ ಮಹಡಿ. ಬಂದು ಉಂಡು ಅರ್ಧ ಗಂಟೆ ಕಾಲು ಚಾಚೋಣವೆಂದರೆ ಇಲ್ಲಿ ಎರಡನೆಯ ಡ್ಯೂಟಿ ಕಾದಿರುತ್ತದೆ. ಅತ್ತೆ ಆಯಿಷಮ್ಮ ಜನವರಿಯಲ್ಲಿ ಉಳ್ಳಾಲದಿಂದ ವಿಸಿಟ್ ವೀಸಾದಲ್ಲಿ ಬಂದವರು, ಬ್ಯಾರಿ ಬಿಟ್ಟರೆ ಬೇರೆ ಮಾತು ಬಾರದು. ಮಗಳು ಝುಲ್ಫಾಳಿಗೆ ಒಂಬತ್ತು ವರ್ಷ, ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬಾರದು. ಅತ್ತೆಗೆ ನೀರು ಬೇಕೆಂದರೆ ನನಗೆ ಹೇಳಬೇಕು, ನಾನು ಝುಲ್ಫಾಳಿಗೆ ಹೇಳಬೇಕು, ತಣ್ಣಗಿನದೋ ಬಿಸಿಯೋ ಎಂದು ಅವಳು ನನ್ನನ್ನು ಕೇಳಬೇಕು, ನಾನು ಅತ್ತೆಯನ್ನು ಕೇಳಬೇಕು. ಅಷ್ಟರಲ್ಲಿ ನಾನೇ ಎದ್ದು ಹೋಗಿ ನೀರು ತಂದುಕೊಟ್ಟಿರುತ್ತೇನೆ. ಗಂಡ ಅಶ್ರಫ್ ಇದ್ದರೆ ಅರ್ಧ ಹೊರೆ ಅವರಿಗೆ ಹೊರಿಸಬಹುದಿತ್ತು. ಅವರ ಹಾರ್ಡ್‌ವೇರ್ ಅಂಗಡಿ ಅಲ್ ಶಮಾಲ್‌ನಲ್ಲಿ, ಇಲ್ಲಿಂದ ಸುಮಾರು ನೂರು ಕಿಲೋಮೀಟರ್, ಹಾಗಾಗಿ ವಾಸವೂ ಅಲ್ಲೇ. ಗುರುವಾರ ಸಂಜೆ ಬಂದು ಶನಿವಾರ ಬೆಳಿಗ್ಗೆ ಹೊರಡುತ್ತಾರೆ.

ಝುಲ್ಫಾಳನ್ನು ಶಾಲೆಗೆ ಸೇರಿಸುವಾಗ ಮನೆಯಲ್ಲೂ ಇಂಗ್ಲಿಷೇ ಆಡಿ ಎಂದಿದ್ದರು. ನಾನು ಚಾಚೂ ತಪ್ಪದೆ ಪಾಲಿಸಿದೆ. ಹೋದ ವರ್ಷ ಭಾಷಣದಲ್ಲಿ ಅವಳಿಗೆ ಮೊದಲ ಬಹುಮಾನ. ಅದರಲ್ಲೇನೂ ನನಗೆ ಬೇಸರವಿಲ್ಲ.

ಇವತ್ತಿನ ಸಿಟ್ಟಿಗೆ ಕಾರಣ ಹೊಸ ಫೈಲು. ಮಾಜಿದಾ ಎಂಬ ಕತಾರಿ ಹೆಂಗಸಿನದು. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಅರಬಿ ಕಲಿಸಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಟೀಚರಮ್ಮನನ್ನು ಇಲ್ಲಿ ಅಬ್ಲಾ ಎನ್ನುತ್ತಾರೆ, ಆಫೀಸಿನಲ್ಲಿ ನಾವೂ ಹಾಗೇ ಕರೆಯುತ್ತೇವೆ. ಸ್ಪೇನಿಗೆ ಹೋಗಬೇಕಂತೆ. ಸಮುದ್ರ ಬೇಡ, ಶಾಪಿಂಗ್ ಬೇಡ, ಅರಮನೆಯೂ ಬೇಡ. ಸ್ಪ್ಯಾನಿಷ್ ಭಾಷೆ ಎಲ್ಲಿ ಹುಟ್ಟಿತೋ ಅಲ್ಲಿಂದ ಶುರುಮಾಡಿ ಅದು ಬೆಳೆದ ಊರುಗಳನ್ನು ಸಾಲಾಗಿ ನೋಡಬೇಕಂತೆ. ಅದಕ್ಕೆಂದೇ ಗುರುತು ಮಾಡಿದ ದಾರಿ ಬೇರೆ ಇದೆಯಂತೆ. ದಿನಕ್ಕೆ ನಾಲ್ಕು ಭಾಷೆ ಆಡಿ ನನಗೆ ತಲೆ ಚಿಟ್ಟು ಹಿಡಿದಿದೆ, ಇವರು ಐದನೆಯದರ ತೊಟ್ಟಿಲು ನೋಡಲು ವಿಮಾನ ಹತ್ತುತ್ತಾರೆ!

ಮಾರ್ಚ್ ೧೧, ಭಾನುವಾರ

ಮೂರು ದಿನ ಅದೇ ಫೈಲಿನಲ್ಲಿ ಮುಳುಗಿದ್ದೆ. ಸಾನ್ ಮಿಯಾನ್, ಸಿಲೋಸ್, ವಯ್ಯಾದೊಲಿದ್, ಸಲಮಾಂಕಾ, ಆವಿಲಾ, ಕೊನೆಗೆ ಅಲ್ಕಲಾ. ಸಾನ್ ಮಿಯಾನ್ ಎಂದರೆ ಬೆಟ್ಟದ ಬುಡದ ಒಂದು ಹಳ್ಳಿ, ಎರಡು ಕ್ರೈಸ್ತ ಮಠ, ಒಂದು ಮೇಲೆ ಒಂದು ಕೆಳಗೆ. ಸುಮಾರು ಸಾವಿರ ವರ್ಷದ ಹಿಂದೆ ಅಲ್ಲಿ ಒಬ್ಬ ಸನ್ಯಾಸಿ ಲ್ಯಾಟಿನ್ ಪುಸ್ತಕ ಓದಲು ಕೂತನಂತೆ. ಲ್ಯಾಟಿನ್ ದೊಡ್ಡವರ ಭಾಷೆ, ಅವನಿಗೆ ಪೂರ್ತಿ ಹತ್ತಲಿಲ್ಲ. ಅರ್ಥವಾಗದ ಕಡೆ ಸಾಲಿನ ಸಂದಿಯಲ್ಲಿ, ಪುಟದ ಅಂಚಿನಲ್ಲಿ, ತಾನು ಬಾಯಲ್ಲಿ ಆಡುವ ಮಾತನ್ನು ಸಣ್ಣದಾಗಿ ಬರೆದುಕೊಂಡ. ಯಾರಿಗೂ ತೋರಿಸಲು ಬರೆದದ್ದಲ್ಲ, ತನ್ನ ಅನುಕೂಲಕ್ಕೆ. ಈಗ ಅದನ್ನೇ ಸ್ಪ್ಯಾನಿಷ್ ಭಾಷೆಯ ಮೊದಲ ಬರಹಗಳಲ್ಲಿ ಒಂದೆಂದು ಬಸ್ಸು ತುಂಬಿಸಿಕೊಂಡು ಹೋಗಿ ನೋಡುತ್ತಾರೆ.

ಆ ಸನ್ಯಾಸಿಯ ಮೇಲೆ ನನಗೆ ಸ್ವಲ್ಪ ಪ್ರೀತಿ ಬಂದಿದೆ ಎಂದು ಒಪ್ಪಿಕೊಳ್ಳಬೇಕು. ನಾನೂ ಅದೇ ಜಾತಿಯವಳು. ಪ್ರವಾಸದ ಪಟ್ಟಿ ಟೈಪು ಮಾಡಿ ಪ್ರಿಂಟ್ ತೆಗೆದ ಮೇಲೆ ಅಂಚಿನಲ್ಲಿ ನನ್ನ ಟಿಪ್ಪಣಿ ಬರೆದುಕೊಳ್ಳುತ್ತೇನೆ, ಬ್ಯಾರಿ ಮಾತು, ಕನ್ನಡ ಅಕ್ಷರ. ಮ್ಯಾನೇಜರ್ ಮಲಯಾಳಿ, ಪಕ್ಕದ ಮೇಜಿನ ಲೊರ್ನಾ ಮನಿಲಾದವಳು, ಕನ್ನಡ ಓದುವವರು ಇಡೀ ಆಫೀಸಿನಲ್ಲಿ ಯಾರೂ ಇಲ್ಲ. ಯಾರಿಗೆ ಏನು ಬೇಕಾದರೂ ಬೈದು ಬರೆಯಬಹುದು. ಬೀಗ ಹಾಕಿದ ಕಪಾಟಿನಷ್ಟು ಭದ್ರ.

ಮಾರ್ಚ್ ೧೪, ಬುಧವಾರ

ನನ್ನ ಮಾನ ಹೋಯಿತು.

ಅಬ್ಲಾ ಮಾಜಿದಾರ ಡ್ರೈವರ್ ಬಂದಾಗ ಫೈಲು ಕೊಟ್ಟು ಕಳಿಸಿದೆ. ಅವನು ಹೋದ ಮೇಲೆ ನೋಡಿದರೆ ಶುಭ್ರವಾದ ಪ್ರತಿ ನನ್ನ ಮೇಜಿನ ಮೇಲೆ ಕೂತಿದೆ. ಹೋದದ್ದು ಅಂಚು ತುಂಬ ಗೀಚಿದ್ದು. ಅದರಲ್ಲಿ ಏನೇನಿದೆ ಎಂದು ಒಂದೊಂದಾಗಿ ನೆನಪಾಗುತ್ತಿದೆ. ಓದಲು ಬಾರದು ನಿಜ, ಆದರೆ ನೋಡಲು ಕಣ್ಣಿದೆಯಲ್ಲ.

ಮಾರ್ಚ್ ೧೫, ಗುರುವಾರ

ಬೆಳಿಗ್ಗೆ ಅಬ್ಲಾ ಸ್ವತಃ ಆಫೀಸಿಗೆ ಬಂದರು. ಕುಳ್ಳಗಿನ ದಪ್ಪ ಹೆಂಗಸು, ಮೊಣಕಾಲು ನೋವಿಗೆ ಕೋಲು ಹಿಡಿದಿದ್ದಾರೆ. ಮ್ಯಾನೇಜರ್ ಎದ್ದು ನಿಂತು ಕುರ್ಚಿ ಎಳೆದರು. ಅವರತ್ತ ನೋಡದೆ ಸೀದಾ ನನ್ನ ಮೇಜಿಗೆ ಬಂದು ಪಟ್ಟಿ ಬಿಡಿಸಿದರು. ಮಾತು ಅರಬಿಯಲ್ಲಿ, ನಡುನಡುವೆ ಇಂಗ್ಲಿಷ್.

"ಇದು ಯಾವ ಲಿಪಿ?"

"ಕನ್ನಡ, ಅಬ್ಲಾ."

"ನಿನ್ನ ಮನೆಮಾತು ಅದೇ ಏನು?"

"ಅಲ್ಲ, ಮನೆಯಲ್ಲಿ ಬ್ಯಾರಿ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಅಕ್ಷರ ಕನ್ನಡದ್ದು."

"ಏನು ಬರೆದಿದ್ದಿ?"

"ಸಮಯ. ಬಸ್ಸಿನ ಸಮಯ."

"ಸಮಯವಾದರೆ ಅಂಕಿ ಇರಬೇಕಿತ್ತಲ್ಲ?" ಎಂದರು. ಮೂವತ್ತು ವರ್ಷ ಹುಡುಗಿಯರ ಸುಳ್ಳು ಹಿಡಿದ ಕಣ್ಣು ಅದು. "ಓದು, ಮಗಳೇ."

ಗೈಡಿಗೆ ಹೇಳಬೇಕೆಂದು ಬರೆದುಕೊಂಡಿದ್ದನ್ನು ಅರಬಿಗೆ ತಿರುಗಿಸಿ ಓದಿದೆ. 'ಅಜ್ಜಿಗೆ ಮೊಣಕಾಲು ನೋವು, ಮೇಲಿನ ಮಠಕ್ಕೆ ನಡೆಸಬೇಡಿ, ಗಾಡಿ ಮಾಡಿ. ಅಜ್ಜಿ ಹಠ ಹಿಡಿದರೆ ಚಾ ಕುಡಿಸಿ ಕೂರಿಸಿ. ಅಜ್ಜಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಿ, ಇಲ್ಲದಿದ್ದರೆ ಅವರೇ ನಮಗೆ ಪಾಠ ಮಾಡುತ್ತಾರೆ.' ಮ್ಯಾನೇಜರ್ ಮುಖ ಸುಣ್ಣದ ಹಾಗೆ ಬಿಳುಪೇರಿತು. ಅಬ್ಲಾ ಮಾತ್ರ ಅಬಾಯದ ತುದಿಯಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಆಮೇಲೆ ಹೇಳಿದರು. ಜೊತೆಗೆ ಹೊರಟಿದ್ದ ತಂಗಿಯ ಮಗಳು ಬಸುರಿಯಂತೆ, ಬರುವುದಿಲ್ಲ. ಗಂಡಸು ಗೈಡಿನೊಡನೆ ಹನ್ನೊಂದು ದಿನ ತಿರುಗುವುದು ಅವರಿಗೆ ಇಷ್ಟವಿಲ್ಲ. ಆಫೀಸಿನಿಂದ ಒಬ್ಬ ಹೆಂಗಸು ಜೊತೆಗೆ ಬರಬೇಕು. "ನನ್ನ ಮೊಣಕಾಲಿನ ಬಗ್ಗೆ ಇಷ್ಟು ಬರೆದವಳು ಈಕೆ. ಈಕೆಯೇ ಬರಲಿ, ಖಲಾಸ್."

ನಾನು ಸ್ಪೇನಿಗೆ! ಮದುವೆಯಾಗಿ ಮಂಗಳೂರಿನಿಂದ ದೋಹಾಕ್ಕೆ ಬಂದು ಹದಿನಾಲ್ಕು ವರ್ಷ. ಈ ಆಫೀಸಿನಲ್ಲಿ ಕೂತು ಎಷ್ಟು ಜನರನ್ನು ಎಲ್ಲೆಲ್ಲಿಗೋ ಹತ್ತಿಸಿದ್ದೇನೆ. ನಾನು ಮಾತ್ರ ಊರಿಗೆ ಹೋಗಿ ಬಂದದ್ದು ಬಿಟ್ಟರೆ ಎಲ್ಲಿಗೂ ಇಲ್ಲ. ನನಗೆ ಹೋಗಬೇಕು. ಇಷ್ಟು ನೇರವಾಗಿ ಎಲ್ಲೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ: ನನಗೆ ಹೋಗಬೇಕು.

ಗಂಡನನ್ನು ಕೇಳಬೇಕು. ಅತ್ತೆಯನ್ನೂ ಕೇಳಬೇಕು.

ಮಾರ್ಚ್ ೧೬, ಶುಕ್ರವಾರ

ಜುಮಾ ನಮಾಜ್ ಮುಗಿಸಿ ಬಂದು ಊಟಕ್ಕೆ ಕೂತಾಗ ಕೇಳಿದೆ. ಅಶ್ರಫ್ ಬಿರಿಯಾನಿಯಲ್ಲಿ ಏಲಕ್ಕಿ ಹುಡುಕಿ ಹುಡುಕಿ ಬದಿಗಿಟ್ಟರು.

"ನೋಡುವ," ಎಂದರು.

"ನೋಡ್ಲಿಕ್ಕೆ ಎಂತ ಉಂಟು? ಖರ್ಚೆಲ್ಲ ಆಫೀಸಿಂದು. ಮೇ ಐದಕ್ಕೆ ಹೊರಡುದು, ಹನ್ನೊಂದು ದಿವಸ. ನನ್ನ ಪಾಸ್‌ಪೋರ್ಟ್ ಬೇಕು, ಅಷ್ಟೇ."

"ಅದು ಶಮಾಲ್‌ನಲ್ಲುಂಟು, ಅಂಗಡಿಯ ಪೆಟ್ಟಿಗೆಯಲ್ಲಿ. ವೀಸಾ ರಿನ್ಯೂಗೆ ತಕೊಂಡದ್ದಲ್ವಾ. ಬರುವ ವಾರ ತರ್ತೇನೆ."

ಅತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಎಷ್ಟು ದಿವಸ ಅಂತ ಹೇಳಿದ್ದು?" ಎಂದರು. ಹನ್ನೊಂದು ಎಂದೆ. ಮತ್ತೆ ಜಗಿಯತೊಡಗಿದರು. ಝುಲ್ಫಾ ಎಲ್ಲರ ಮುಖ ನೋಡುತ್ತಿದ್ದಳು. ಅವಳಿಗೆ ನಾನೇ ಇಂಗ್ಲಿಷಿನಲ್ಲಿ ಹೇಳಿದೆ.

ಬೇಡ ಎನ್ನಲಿಲ್ಲವಲ್ಲ. ಅದೇ ಹೌದು ಎಂದ ಹಾಗೆ.

ಮಾರ್ಚ್ ೨೩, ಶುಕ್ರವಾರ

ಪಾಸ್‌ಪೋರ್ಟ್ ಮರೆತು ಬಂದಿದ್ದಾರೆ. ಸಿಮೆಂಟಿನ ಲೋಡು ಬಂದಿತ್ತಂತೆ, ಗಡಿಬಿಡಿಯಂತೆ. ಸಿಮೆಂಟು ನೆನಪಿರುತ್ತದೆ.

ಮಾರ್ಚ್ ೨೭, ಮಂಗಳವಾರ

ಕೂತಲ್ಲಿ ಕೂರಲು ಆಗುತ್ತಿಲ್ಲ. ಇವತ್ತು ಒಬ್ಬರಿಗೆ ಕೊಚ್ಚಿ ಟಿಕೆಟ್ ಬದಲು ಕೊಲಂಬೊ ಮಾಡಿ ಬೈಸಿಕೊಂಡೆ. ಮನೆಯ ಬಾಲ್ಕನಿಯಿಂದ ಕಟ್ಟಡಗಳ ಕ್ರೇನ್ ಎಣಿಸುತ್ತೇನೆ, ನಿನ್ನೆಗಿಂತ ಒಂದು ಹೆಚ್ಚು. ಇಡೀ ಊರು ಎಲ್ಲಿಗೋ ಹೊರಟ ಹಾಗಿದೆ, ನಾನು ಮಾತ್ರ ಕಾಯುತ್ತ ಕೂತಿದ್ದೇನೆ.

ಅತ್ತೆ ಯಾಕೋ ಮುಖ ಊದಿಸಿಕೊಂಡಿದ್ದಾರೆ. ಮಾತು ಮಾತ್ರ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ನಾನು ಚಪ್ಪಲಿ ಬಿಡುವ ಮೊದಲೇ ಶುರು. ಬೆಳಿಗ್ಗೆಯಿಂದ ಕಂಡ ಪಾರಿವಾಳ, ಲಿಫ್ಟಿನ ಸದ್ದು, ನಾದಿನಿಯ ಮಗನ ಮದುವೆಯಲ್ಲಿ ಮಾಂಸ ಬೇಯದೇ ಇದ್ದದ್ದು. ಎಲ್ಲ ನನ್ನ ಒಬ್ಬಳ ಕಿವಿಗೇ. ನಡುವೆ ಝುಲ್ಫಾ ಏನೋ ಹೇಳಲು ಬಂದಳು. ಅಜ್ಜಿಯ ಹತ್ತಿರ ಏನು ಹೇಳಬೇಕಾದರೂ ನನಗೆ ಇಂಗ್ಲಿಷಿನಲ್ಲಿ ಹೇಳು, ನಾನು ಹೇಳುತ್ತೇನೆ ಎಂದೆ. ಅವಳು ತಪ್ಪುತಪ್ಪಾಗಿ ಆಡಿ, ಅತ್ತೆ ಅದಕ್ಕೆ ಇನ್ನೇನೋ ಅರ್ಥ ಮಾಡಿ, ಆಮೇಲೆ ನಾನು ಇಬ್ಬರಿಗೂ ಬಿಡಿಸಿ ಹೇಳುವುದು ಯಾರಿಗೆ ಬೇಕು?

ನಾಲ್ಕರಿಂದ ಎಂಟರವರೆಗೆ ನಾನಿಲ್ಲದಾಗ ಇಬ್ಬರೂ ಟಿ.ವಿ. ಮುಂದೆ ಸುಮ್ಮನೆ ಕೂತಿರುತ್ತಾರೆ ಅಂತ ಕಾಣುತ್ತದೆ. ಪಾಪ.

ಮಾರ್ಚ್ ೩೦, ಶುಕ್ರವಾರ

ಮತ್ತೆ ಮರೆತರು.

ಏಪ್ರಿಲ್ ೩, ಮಂಗಳವಾರ

ಮ್ಯಾನೇಜರ್ ಕರೆದು ಹೇಳಿದರು: ಹದಿನೈದನೇ ತಾರೀಕು ವೀಸಾ ಕಾಗದ ಕೊಡಲು ಸಮಯ ಸಿಕ್ಕಿದೆ. ಹನ್ನೆರಡರ ಒಳಗೆ ನಿನ್ನ ಪಾಸ್‌ಪೋರ್ಟ್ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಲೊರ್ನಾಳ ಹೆಸರು. ಲೊರ್ನಾಳ ಪಾಸ್‌ಪೋರ್ಟ್ ಆಫೀಸಿನ ಕಬ್ಬಿಣದ ಕಪಾಟಿನಲ್ಲೇ ಇದೆ, ಅವಳು ಸೇರಿದ ದಿನದಿಂದ. ಅವಳದು ಕಂಪನಿಯ ಬೀಗದಲ್ಲಿ, ನನ್ನದು ಗಂಡನ ಬೀಗದಲ್ಲಿ. ಇಬ್ಬರಲ್ಲಿ ಯಾರ ಸ್ಥಿತಿ ಮೇಲು ಎಂದು ನಾನೂ ಅವಳೂ ಚಾ ಕುಡಿಯುವ ಹೊತ್ತಿಗೆ ವಾದ ಮಾಡಿದೆವು.

ಲೊರ್ನಾಳ ಮೇಲೆ ಹೊಟ್ಟೆಕಿಚ್ಚು ಪಡಬೇಕೆಂದರೂ ಆಗುವುದಿಲ್ಲ. ಸ್ಪೇನಿನ ಪುಸ್ತಿಕೆ ಓದುತ್ತ ಓದುತ್ತ ಒಮ್ಮೆಲೇ ನಕ್ಕಳು. ಮೇಸಾ, ಕುಚಾರಾ; ಮೇಜು, ಚಮಚ. ಅವಳ ಅಮ್ಮ ಮನೆಯಲ್ಲಿ ಅದನ್ನೇ ಮೇಸಾ, ಕುತ್ಸಾರಾ ಎನ್ನುತ್ತಾಳಂತೆ. ತನ್ನ ಮಾತು ಇಷ್ಟು ದೂರದಿಂದ ಬಂದದ್ದೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ನಮ್ಮ ಮೇಜಿಗೂ ಅದಕ್ಕೂ ಏನೋ ನೆಂಟಸ್ತಿಕೆ ಇರಬೇಕು. "ನೀನು ಹೋಗದಿದ್ದರೆ ಮಾತ್ರ ನಾನು ಹೋಗುವುದು," ಎಂದಳು. ಒಳ್ಳೆಯ ಹುಡುಗಿ. ಆದರೂ ಅವಳು ಸೂಟ್‌ಕೇಸಿನ ಬೆಲೆ ವಿಚಾರಿಸುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಏಪ್ರಿಲ್ ೪, ಬುಧವಾರ

ಇದೊಂದು ಬಾಕಿ ಇತ್ತು. ಝುಲ್ಫಾಳ ಕ್ಲಾಸ್ ಟೀಚರ್ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದಾರೆ. ಹೊಸ ತರಗತಿ ಶುರುವಾಗಿ ನಾಲ್ಕು ದಿನ, ಸೈನ್ಸ್ ಪುಸ್ತಕದ ಅಂಚಿನಲ್ಲೆಲ್ಲ ಗೀಚಿದ್ದಾಳಂತೆ. ನೋಡಿದರೆ ಹೌದು, ಪುಟಪುಟದಲ್ಲೂ ಪೆನ್ಸಿಲ್‌ನ ಇರುವೆ ಸಾಲು. ಯಾರ ಬುದ್ಧಿ ಇದು ಎಂದು ಗದರಿಸಿದೆ. ಅವಳು ಪುಸ್ತಕವನ್ನು ಎದೆಗೆ ಅವಚಿಕೊಂಡಳು. ಊಟವಾದ ಮೇಲೆ ರಬ್ಬರ್ ಹಿಡಿದು ಕೂತು ಒಂದೂ ಬಿಡದಂತೆ ಉಜ್ಜಿ ತೆಗೆದೆ. ಓದುವ ವ್ಯವಧಾನ ಯಾರಿಗಿತ್ತು? ಅಬ್ಲಾರಿಗೆ ಸಾನ್ ಮಿಯಾನ್ ಮಠದ ಬಗ್ಗೆ ಇನ್ನೆರಡು ಪುಟ ಬರೆದು ಕೊಡಬೇಕಿತ್ತು.

ಏಪ್ರಿಲ್ ೬, ಶುಕ್ರವಾರ

ಮೂರನೆಯ ಶುಕ್ರವಾರ. ಈ ಸಲ ಪೆಟ್ಟಿಗೆಯ ಬೀಗದಕೈ ಪಾರ್ಟ್‌ನರ್ ಹತ್ತಿರ, ಪಾರ್ಟ್‌ನರ್ ಅಲ್ ವಕ್ರಾದಲ್ಲಿ, ಅವನ ಫೋನು ಆಫ್.

"ನಿಮ್ಗೆ ಇಷ್ಟ ಇಲ್ಲದಿದ್ರೆ ಇಲ್ಲ ಅಂತ ಹೇಳಿ," ಎಂದೆ. "ಬಾಯಿ ಉಂಟಲ್ಲ ನಿಮ್ಗೆ?"

"ಇಷ್ಟ ಇಲ್ಲ ಅಂತ ನಾನು ಯಾವಾಗ ಹೇಳಿದೆ ಮಾರಾಯ್ತಿ?" ಎಂದರು. ಮತ್ತೆ ಅತ್ತೆಯತ್ತ ಒಮ್ಮೆ ನೋಡಿದರು. ಅತ್ತೆ ತಸ್ಬಿ ಮಣಿ ಎಣಿಸುತ್ತ ಗೋಡೆ ನೋಡಿದರು. ಸಿಟ್ಟು ಬಂದು ಎರಡು ಗ್ಲಾಸು ಸಿಂಕಿಗೆ ಎಸೆದ ಹಾಗೆ ಇಟ್ಟೆ. ಒಂದು ಒಡೆಯಿತು.

ಏಪ್ರಿಲ್ ೯, ಸೋಮವಾರ

ಇದನ್ನು ಈಗಲೇ ಬರೆದಿಡಬೇಕು.

ಝುಲ್ಫಾ ಶಾಲೆಯಿಂದ ಬಂದು ಉಂಡು, ನಾನು ಬಟ್ಟೆ ಮಡಚುವಾಗ ಹಿಂದೆಯೇ ಬಂದಳು. "ಮಮ್ಮಾ, ನಿನ್ನೆ ಉಮ್ಮುಮ್ಮ ಹೇಳಿದ ಒಂದು ಫುಲ್ ಸೆಂಟೆನ್ಸ್ ನನಗೆ ಅರ್ಥ ಆಯ್ತು!" ಎಂದಳು. ಮುಖ ಅರಳಿತ್ತು, ಭಾಷಣದ ಬಹುಮಾನ ಬಂದ ದಿನಕ್ಕಿಂತ ಹೆಚ್ಚು.

ಅಜ್ಜಿ ಏನು ಹೇಳಿದರು ಎಂದು ಕೇಳಿದೆ, ಅರ್ಧ ಕಿವಿಯಲ್ಲಿ.

"ಇದರಲ್ಲಿ ನಿನ್ನ ಉಮ್ಮನದ್ದು ಯಾವುದು ಅಂತ ಕೇಳಿದ್ರು. ನಮಾಜ್ ಬಟ್ಟೆಯ ಚೀಲದಲ್ಲಿ ಉಮ್ಮುಮ್ಮನದ್ದು, ನಿನ್ನದು, ಎರಡು ಪಾಸ್‌ಪೋರ್ಟ್ ಇತ್ತು. ಉಮ್ಮುಮ್ಮನಿಗೆ ಫೋಟೋ ಸರಿ ಕಾಣೋದಿಲ್ಲ, ಇಬ್ಬರಿಗೂ ತಲೆ ಮೇಲೆ ಬಟ್ಟೆ. ನಾನು ನಿನ್ನ ಹೆಸರು ಓದಿ ತೋರಿಸಿದೆ."

ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದಿದೆ, ಅದು ನಿಜ. ನನ್ನ ಪಾಸ್‌ಪೋರ್ಟ್ ಅತ್ತೆಯ ನಮಾಜಿನ ಬಟ್ಟೆಯ ಚೀಲದಲ್ಲಿ! ಈ ಮನೆಯಲ್ಲಿ, ನಾನು ಮಲಗುವ ಕೋಣೆಯ ಆಚೆ ಗೋಡೆಗೆ!

"ನಿನಗೆ ಅಷ್ಟು ಬ್ಯಾರಿ ಹೇಗೆ ಬಂತು?" ಎಂದೆ.

"ನೀನು ಆಫೀಸಿಗೆ ಹೋದ ಮೇಲೆ ಉಮ್ಮುಮ್ಮ ಹೇಳಿದ್ದನ್ನೆಲ್ಲ ಬರೆದುಕೊಳ್ತೇನೆ. ತನ್ನಿ ಅಂದ್ರೆ ವಾಟರ್. ಚೋರು ಅಂದ್ರೆ ರೈಸ್. ಹೋಂವರ್ಕ್ ಮಾಡುವಾಗ ಕೈಯಲ್ಲಿ ಸೈನ್ಸ್ ಬುಕ್ ಇತ್ತು, ಅದರ ಸೈಡಲ್ಲಿ ಬರೆದಿದ್ದೆ. ನೀನು ರಬ್ ಮಾಡಿಬಿಟ್ಟೆ." ಸ್ವಲ್ಪ ತಡೆದು, "ಪರವಾಗಿಲ್ಲ, ಕೆಲವು ನೆನಪಿದೆ," ಎಂದಳು.

ನಾನು ಮಡಚಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚಿದೆ. ನಾಚಿಕೆಯಾಯಿತು. ಇಷ್ಟು ನಾಚಿಕೆ ಅಬ್ಲಾರ ಎದುರು ಓದಿದಾಗಲೂ ಆಗಿರಲಿಲ್ಲ.

ಅಶ್ರಫ್‌ಗೆ ಫೋನು ಮಾಡಿದೆ. ಮೊದಲು ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟರು. "ಉಮ್ಮ ಕೇಳಿದ್ರು, ಕೊಟ್ಟೆ," ಎಂದರು ಕೊನೆಗೆ. "ನಿನ್ನತ್ರ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

"ಮೂರು ಶುಕ್ರವಾರ!" ಎಂದು ಫೋನು ಇಟ್ಟೆ.

ಏಪ್ರಿಲ್ ೧೦, ಮಂಗಳವಾರ

ಅರ್ಧ ದಿನ ರಜೆ ಹಾಕಿ ಹತ್ತು ಗಂಟೆಗೇ ಮನೆಗೆ ಬಂದೆ. ಝುಲ್ಫಾ ಇಲ್ಲದಾಗ ಇದು ಮುಗಿಯಬೇಕಿತ್ತು. ಬಾಗಿಲು ತೆಗೆದರೆ ಅತ್ತೆ ಬಾಲ್ಕನಿಯಲ್ಲಿ ಪಾರಿವಾಳಗಳ ಹತ್ತಿರ ಮಾತಾಡುತ್ತಿದ್ದಾರೆ. ಸಣ್ಣ ಮಾತಲ್ಲ, ನಾದಿನಿಯ ಮಗನ ಮದುವೆಯ ಇಡೀ ಕಥೆ. ನಾನು ಬಂದದ್ದು ಗೊತ್ತಾಗಲಿಲ್ಲ. ನಾನು ಬೈಯಲು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತಿನಲ್ಲಿ ಅರ್ಧ ಅಲ್ಲೇ ಉದುರಿಹೋಯಿತು. ಉಳಿದರ್ಧ ಇತ್ತು.

"ಮಾಮಿ, ನನ್ನ ಪಾಸ್‌ಪೋರ್ಟ್ ಕೊಡಿ."

ಬೆಚ್ಚಿಬಿದ್ದರು. ಮತ್ತೆ ಎದ್ದು ಒಳಗೆ ಹೋಗಿ ಚೀಲ ತಂದು, ಅದರಿಂದ ತೆಗೆದು ಮೇಜಿನ ಮೇಲಿಟ್ಟರು. ಕೂರಲಿಲ್ಲ.

"ಕೊಡ್ಲಿಕ್ಕೇ ತೆಗ್ದದ್ದು ನಾನು ಮೊನ್ನೆ. ನಿನ್ನದು ಯಾವುದು ಅಂತ ಕಾಣ್ಲಿಲ್ಲ, ಅದಕ್ಕೇ ಮಗುವತ್ರ ಕೇಳಿದೆ."

ನಂಬಬೇಕೋ ಬಿಡಬೇಕೋ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. "ಹಾಗಾದ್ರೆ ಅಡಗಿಸಿ ಇಟ್ಟದ್ದು ಯಾಕೆ? ನಾನು ಹೋಗ್ಬಾರ್ದಾ? ನಾನು ಓಡಿ ಹೋಗ್ತೇನಾ?"

"ನೀ ಯಾಕೆ ಓಡಿ ಹೋಗ್ತಿ?" ಎಂದರು ಅತ್ತೆ. "ನಿನ್ಗೆ ಹೋಗ್ಲಿಕ್ಕೆ ಊರುಂಟು, ಆಡ್ಲಿಕ್ಕೆ ಮಾತುಂಟು. ನನ್ಗೆ ಈ ಊರಲ್ಲಿ ಎಂತ ಉಂಟು ಹೇಳು. ಮಗ ಶಮಾಲ್‌ನಲ್ಲಿ. ಕೆಳಗಿನ ಅಂಗಡಿಯವ ನೇಪಾಳದವ. ಮಗುವಿಗೆ ನನ್ನ ಮಾತು ಬರುದಿಲ್ಲ. ನೀನು ಬಾಗ್ಲು ತೆಗ್ದು ಒಳಗೆ ಬಂದ್ರೆ ನನ್ನ ಬಾಯಿ ತೆಗೀತದೆ. ನೀನು ಹೋದ್ರೆ ಹನ್ನೊಂದು ದಿವಸ ನಾನು ಮೂಕಿ. ಹೆದರಿಕೆ ಆಯ್ತು ನನ್ಗೆ. ಹಾಗೆ ಮಗನತ್ರ ಕೇಳಿ ತಕೊಂಡೆ. ತಪ್ಪಾಯ್ತು. ತೆಗೊ, ಹೋಗು."

ಅರುವತ್ತೆಂಟು ವರ್ಷದ ಹೆಂಗಸು ನನ್ನೆದುರು ನಿಂತು ತಪ್ಪಾಯ್ತು ಎನ್ನುವುದನ್ನು ಕೇಳುವುದು ಸುಖವಲ್ಲ. ಆದರೂ ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಸುಳ್ಳು ಬರೆಯುವುದಿಲ್ಲ. ಪಾಸ್‌ಪೋರ್ಟ್ ಅಲ್ಲೇ ಮೇಜಿನ ಮೇಲೆ ಬಿಟ್ಟು ಚಾ ಮಾಡಲು ಹೋದೆ. ಎರಡು ಲೋಟ ಮಾಡಿದೆ.

ಏಪ್ರಿಲ್ ೧೧, ಬುಧವಾರ

ಮಗುವಿಗೆ ಮಾತು ಬರುತ್ತದೆ ಎಂದು ಅತ್ತೆಗೆ ಗೊತ್ತೇ ಇರಲಿಲ್ಲ! ತಾನು ಬೆರಳು ತೋರಿಸಿದ್ದರಿಂದ ಅರ್ಥವಾಯಿತು ಎಂದುಕೊಂಡಿದ್ದರು. ಅವಳು ಪುಸ್ತಕದಲ್ಲಿ ಬರೆಯುವುದೆಲ್ಲ ಶಾಲೆಯ ಪಾಠ ಎಂದುಕೊಂಡಿದ್ದರು.

ಝುಲ್ಫಾಳನ್ನು ಕೇಳಿದೆ, ನಾನು ಮನೆಯಲ್ಲಿರುವಾಗ ನೀನು ಯಾಕೆ ಉಮ್ಮುಮ್ಮನ ಹತ್ತಿರ ಮಾತಾಡುವುದಿಲ್ಲ ಎಂದು.

"ನೀನು ಬಂದ ಕೂಡಲೇ ಉಮ್ಮುಮ್ಮ ನಿನ್ನ ಹತ್ರ ಮಾತಾಡ್ತಾರೆ, ನಾನು ಬಾಯಿ ಬಿಟ್ಟರೆ ನೀನು ಮಧ್ಯೆ ಬರ್ತೀಯ," ಎಂದಳು. "ನೀನು ಮಧ್ಯೆ ಬರಬೇಡ ಮಮ್ಮಾ."

ಮಕ್ಕಳ ಮಾತು. ಪಾಸ್‌ಪೋರ್ಟ್ ಬ್ಯಾಗಿನಲ್ಲಿಟ್ಟಿದ್ದೇನೆ.

ಏಪ್ರಿಲ್ ೧೫, ಭಾನುವಾರ

ಕಾಗದ ಕೊಟ್ಟಾಯಿತು. ಅಬ್ಲಾ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಲೊರ್ನಾ ಅರ್ಧ ಸಿಹಿಯಾಗಿ ಅರ್ಧ ಹುಳಿಯಾಗಿ ನಕ್ಕು, ತಾನು ಖರೀದಿಸಿದ್ದ ಸೂಟ್‌ಕೇಸನ್ನು ನನಗೆ ಕೊಡುತ್ತೇನೆ ಎಂದಳು.

ಏಪ್ರಿಲ್ ೨೦, ಶುಕ್ರವಾರ

ಇಡೀ ಮಧ್ಯಾಹ್ನ ಮಲಗುವ ಕೋಣೆಯಲ್ಲಿ ಬಾಗಿಲು ಓರೆ ಮಾಡಿ ಕೂತಿದ್ದೇನೆ, ತಲೆನೋವು ಎಂದು ಹೇಳಿ. ಆಚೆ ಅವರಿಬ್ಬರು. ಅತ್ತೆ ಗುಂಡಿ ಹೊಲಿಯಲು ಸೂಜಿ ಕೇಳುತ್ತಾರೆ, ಇವಳು ಕತ್ತರಿ ತರುತ್ತಾಳೆ. ಅತ್ತೆ ಬೇಡವೆಂದು ಇನ್ನೊಮ್ಮೆ ಹೇಳುತ್ತಾರೆ, ಇವಳು ನೂಲು ತರುತ್ತಾಳೆ. ಎದ್ದು ಹೋಗಿ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ನಾಲಿಗೆ ಕಚ್ಚಿಕೊಂಡು ಕೂತೆ. ಕಾಲು ಗಂಟೆಯ ಮೇಲೆ ಸೂಜಿ ಸಿಕ್ಕಿತು. ಅಷ್ಟರಲ್ಲಿ ಕತ್ತರಿ, ನೂಲು, ಟೇಪು ಮೂರರ ಹೆಸರೂ ಅವಳ ಸೈನ್ಸ್ ಪುಸ್ತಕ ಸೇರಿತ್ತು. ಬೇರೆ ನೋಟ್‌ಬುಕ್ ತಂದುಕೊಟ್ಟಿದ್ದೇನೆ, ಅವಳಿಗೆ ಅದು ಬೇಡವಂತೆ, ಅಂಚೇ ಒಳ್ಳೆಯದಂತೆ.

ಟೀಚರಿಗೆ ಶಾಲೆಯ ಡೈರಿಯಲ್ಲಿ ಉತ್ತರ ಬರೆದೆ: ಅಂಚಿನಲ್ಲಿ ಬರೆಯಲು ನಾನೇ ಹೇಳಿದ್ದೇನೆ, ದಯವಿಟ್ಟು ಅಳಿಸಬಾರದು.

ಅಶ್ರಫ್ ಬಂದವರೇ ಒಡೆದ ಗ್ಲಾಸಿಗೆ ಬದಲು ಆರು ಗ್ಲಾಸಿನ ಸೆಟ್ ತಂದಿಟ್ಟರು. ಕ್ಷಮೆ ಕೇಳುವ ರೀತಿ ಅದು. "ಹನ್ನೊಂದು ದಿವಸವೂ ನಾನು ಸಂಜೆ ಸಂಜೆ ಶಮಾಲ್‌ನಿಂದ ಬರ್ತೇನೆ," ಎಂದರು. ಆಯ್ತು ಎಂದೆ. ಹೋಗಲಾ ಎಂದು ಅವರನ್ನು ಮತ್ತೆ ಕೇಳಲೇ ಇಲ್ಲ ಎಂದು ಈಗ ಬರೆಯುವಾಗ ಹೊಳೆಯಿತು.

ಮೇ ೧, ಮಂಗಳವಾರ

ವೀಸಾ ಬಂತು! ಲೊರ್ನಾ ಇಡೀ ಆಫೀಸಿಗೆ ಕೇಕ್ ತರಿಸಿದಳು.

ಅಬ್ಲಾರಿಗೆ ಟಿಕೆಟ್ ಕೊಡಲು ಹೋದಾಗ ಅವರು ಹೇಳಿದರು, ಆ ಸನ್ಯಾಸಿಯ ಪುಸ್ತಕ ಈಗ ಸಾನ್ ಮಿಯಾನ್‌ನಲ್ಲಿ ಇಲ್ಲವಂತೆ. ಮ್ಯಾಡ್ರಿಡ್‌ನಲ್ಲಿ ಬೀಗದೊಳಗಿದೆ, ಮಠದಲ್ಲಿರುವುದು ಬರೀ ಪ್ರತಿ.

"ಹಾಗಾದರೆ ಅಷ್ಟು ದೂರ ಯಾಕೆ, ಅಬ್ಲಾ?"

"ಅವನು ಕೂತ ಜಾಗ ಅಲ್ಲೇ ಇದೆಯಲ್ಲ," ಎಂದರು. "ಅರ್ಥವಾಗದೆ ಕೂತವನು ನಾಚಿಕೆ ಬಿಟ್ಟು ಬರೆದುಕೊಂಡ ಜಾಗ. ಮೂವತ್ತು ವರ್ಷ ಹುಡುಗಿಯರ ಪುಸ್ತಕದ ಅಂಚಿಗೆ ಕೆಂಪು ಗೆರೆ ಎಳೆದು ಕೊಳಕು ಮಾಡಿದ್ದೀರಿ ಎಂದು ಬರೆದವಳು ನಾನು. ಒಮ್ಮೆ ಹೋಗಿ ಬರಬೇಕು ಅನ್ನಿಸಿದೆ."

ಟಿಕೆಟ್ ಅವರ ಕೈಗಿಟ್ಟು ಬಂದೆ. ನನ್ನ ಹತ್ತಿರವೂ ಒಂದು ರಬ್ಬರ್ ಇತ್ತು ಎಂದು ದಾರಿಯಲ್ಲಿ ಯಾವಾಗಲಾದರೂ ಹೇಳುತ್ತೇನೆ.

ಮೇ ೫, ಶನಿವಾರ, ಏರ್‌ಪೋರ್ಟ್, ಮಧ್ಯಾಹ್ನ

ವಿಮಾನಕ್ಕೆ ಇನ್ನೂ ಒಂದು ಗಂಟೆ ಇದೆ. ಅಬ್ಲಾ ಎದುರು ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಾರೆ, ಕೋಲು ಮಡಿಲಲ್ಲಿ.

ಮನೆಯಿಂದ ಹೊರಡುವಾಗ ಎಲ್ಲರೂ ಅಳುತ್ತಾರೆ, ಸಮಾಧಾನ ಮಾಡಬೇಕು, ಅದಕ್ಕೆ ಅರ್ಧ ಗಂಟೆ ಬೇಕೆಂದು ಬೇಗ ಸಿದ್ಧಳಾಗಿದ್ದೆ. ಅಶ್ರಫ್ ಸೂಟ್‌ಕೇಸ್ ಹಿಡಿದು ಕೆಳಗೆ ಹೋದರು. ಅತ್ತೆ ಮತ್ತು ಝುಲ್ಫಾ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು, ಅಕ್ಕಿಹಿಟ್ಟು ಇಬ್ಬರ ಮೊಣಕೈವರೆಗೂ. ನಾನು ಹೊರಟೆ ಎಂದೆ. ಅತ್ತೆ ಕೈಯ ಹಿಟ್ಟು ತೋರಿಸಿ, ಅಲ್ಲಿಂದಲೇ, "ಆಯ್ತು, ಹೋಗಿ ಬಾ, ಅಲ್ಲಾಹ್ ಕಾಪಾಡಲಿ," ಎಂದರು. ಮತ್ತೆ ಝುಲ್ಫಾಳ ರೊಟ್ಟಿ ನೋಡಿ ಬ್ಯಾರಿಯಲ್ಲಿ ಏನೋ ಒಂದು ಮಾತು ಹೇಳಿದರು. ಹಳೆಯ ಮಾತಿರಬೇಕು, ಉಳ್ಳಾಲದ ಆ ಕಡೆಯದು. ನಾನು ಯಾವತ್ತೂ ಕೇಳಿಲ್ಲ. ಝುಲ್ಫಾ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅಜ್ಜಿಗೆ ಏನೋ ತಿರುಗಿ ಹೇಳಿದಳು, ತಪ್ಪು ತಪ್ಪಾಗಿಯೇ, ಅತ್ತೆಗೂ ನಗು ತಡೆಯಲಾಗಲಿಲ್ಲ.

"ಏನಂದ್ರು?" ಎಂದು ಕೇಳಿದೆ ನಾನು.

"ಅದು ದೊಡ್ಡ ಕಥೆ ಮಮ್ಮಾ," ಎಂದಳು ಝುಲ್ಫಾ. "ನೀನು ಬಂದ ಮೇಲೆ ಹೇಳ್ತೇನೆ. ಹೋಗು, ಲೇಟ್ ಆಗ್ತದೆ."

ಹೋಗಬೇಕು ಹೋಗಬೇಕು ಎಂದು ಎರಡು ತಿಂಗಳು ಒದ್ದಾಡಿದವಳು ನಾನೇ. ಲಿಫ್ಟಿನ ಬಾಗಿಲು ಹಾಕಿದ ಮೇಲೆ ಅಳು ಬಂತು. ಯಾಕೆಂದು ಅಶ್ರಫ್ ಕೇಳಿದರು, ಕಣ್ಣಿಗೆ ಧೂಳು ಬಿತ್ತೆಂದೆ.

ಅತ್ತೆಯ ಆ ಮಾತು ಮರೆತು ಹೋಗುವ ಮೊದಲು, ಕಿವಿಗೆ ಬಿದ್ದ ಹಾಗೆಯೇ ಈ ಪುಟದ ಅಂಚಿನಲ್ಲಿ ಸಣ್ಣದಾಗಿ ಬರೆದುಕೊಂಡಿದ್ದೇನೆ. ಅರ್ಥದ ಜಾಗ ಖಾಲಿ ಬಿಟ್ಟಿದ್ದೇನೆ. ಬಂದ ಮೇಲೆ ಝುಲ್ಫಾಳನ್ನು ಕೇಳಿ ತುಂಬಬೇಕು.